‘ನಿನಗೇನು ಚಿಂತೆ?’

ಚರಕಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯ ಬೊಜ್ಜಿಗೆ ಕಾರಣಗಳನ್ನು ಪಟ್ಟಿ ಮಾಡುತ್ತದೆ: ಅತಿಯಾದ ಊಟ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ, ಹುಟ್ಟಿನಿಂದ ಬಂದ ‘ಬೀಜಸ್ವಭಾವ’. ಜೊತೆಗೆ ಇನ್ನೆರಡು: ‘ಹರ್ಷನಿತ್ಯತ್ವ’, ‘ಅಚಿಂತನ’. ಸದಾ ಸಂತೋಷ, ಸದಾ ನಿಶ್ಚಿಂತೆ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎನ್ನುವ ನಮ್ಮ ಗಾದೆ ಈ ಪಟ್ಟಿಗೆ ದೂರದ್ದಲ್ಲ.

ಈ ನಂಬಿಕೆ ನಮ್ಮಲ್ಲಷ್ಟೇ ಇರಲಿಲ್ಲ. ದಪ್ಪಗಿರುವ ಗಂಡಸರಲ್ಲಿ ಆತಂಕ, ಖಿನ್ನತೆ ಎರಡೂ ಕಡಿಮೆ ಎಂದು 1976ರಲ್ಲಿ ಬ್ರಿಟನ್ನಿನ ಕ್ರಿಸ್ಪ್ ಮತ್ತು ಮೆಕ್‌ಗಿನೆಸ್ ವರದಿ ಮಾಡಿದರು.

ಕೊಬ್ಬು ಬರೀ ಉಗ್ರಾಣವಲ್ಲ ಎಂದು ತಿಳಿದ ಮೇಲೆ ಚಿತ್ರ ಬದಲಾಯಿತು. ಬೊಜ್ಜು ಬಂದ ಇಲಿಗಳ ಕೊಬ್ಬು ಉರಿಯೂತದ ರಾಸಾಯನಿಕವನ್ನು ಸ್ರವಿಸುತ್ತದೆಂದು 1993ರಲ್ಲಿ ಗೊತ್ತಾಯಿತು. ಕೊಬ್ಬಿನಿಂದ ಮಿದುಳಿಗೆ ಸುದ್ದಿ ಒಯ್ಯುವ ಲೆಪ್ಟಿನ್ 1994ರಲ್ಲಿ ಸಿಕ್ಕಿತು. ಉರಿಯೂತ ಮಿದುಳನ್ನು ತಟ್ಟಿದರೆ ಮನಸ್ಸು ಕುಗ್ಗಬಹುದು; ಕುಗ್ಗಿದವರಲ್ಲಿ ಏರುವ ಕಾರ್ಟಿಸಾಲ್ ಹೊಟ್ಟೆಯ ಸುತ್ತ ಕೊಬ್ಬು ಕೂಡಿಸಬಹುದು. 2010ರಲ್ಲಿ ಡಚ್ ಸಂಶೋಧಕರು 15 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು: ಬೊಜ್ಜಿದ್ದವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಶೇ 55ರಷ್ಟು, ಖಿನ್ನತೆಯಿದ್ದವರಿಗೆ ಬೊಜ್ಜು ಬರುವ ಸಾಧ್ಯತೆ ಶೇ 58ರಷ್ಟು ಹೆಚ್ಚು.

ಇಲ್ಲಿ ದೆಹಲಿಯಲ್ಲಿ, ಡಾ. ಅನೂಪ್ ಮಿಶ್ರಾ ಮತ್ತಿತರ ತಜ್ಞರು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಭಾರತೀಯರಿಗೆ ಬೊಜ್ಜಿನ ಗಡಿಯನ್ನು ಬಿಎಂಐ 25ಕ್ಕೆ ಇಳಿಸಿತು. ಸೊಂಟದ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. ನಮ್ಮ ಮೈಗೆ ಹೊಸ ಅಳತೆ ಬಂತು.

ಚರಕನ ‘ಬೀಜಸ್ವಭಾವ’ವನ್ನು ತಳಿವಿಜ್ಞಾನ ಎತ್ತಿಹಿಡಿದಿದೆ. ‘ಅಚಿಂತನ’ ಮಾತ್ರ ದಪ್ಪಗಿರುವವರನ್ನು ‘ನಿನಗೇನು ಚಿಂತೆ?’ ಎಂದು ಛೇಡಿಸುವಲ್ಲಿ ಉಳಿದಿದೆ. ಉತ್ತರ ಬೇಡದ ಪ್ರಶ್ನೆ ಅದು. ಉತ್ತರಕ್ಕೆ ಕಾದು ಅದನ್ನೇ ಕೇಳಿದರೆ, ಅದು ಚಿಕಿತ್ಸೆಯ ಮೊದಲ ಪ್ರಶ್ನೆಯಾದೀತು.