ಪಹಣಿಯಲ್ಲಿ ಹೆಸರಿಲ್ಲದವರ ಪಾಲು

ಪಾವಗಡ ತಾಲ್ಲೂಕಿನ ತಿರುಮಣಿ ಮತ್ತು ಅದರ ನೆರೆಯ ಗ್ರಾಮಗಳು ಬರಕ್ಕೆ ಹೆಸರಾಗಿದ್ದವು. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಗುಳೆ ಎಂಬುದೇ ಅಲ್ಲಿನ ಬದುಕಾಗಿತ್ತು. ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಸ್ಥಾಪನೆಯಾಗಿ, 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡಿತು. ಭೂಮಿಯನ್ನು ಖರೀದಿಸದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಇದರ ವೈಶಿಷ್ಟ್ಯ. ರೈತನ ಒಡೆತನ ಉಳಿಯಿತು. ಮಳೆಯನ್ನು ನೆಚ್ಚಬೇಕಿಲ್ಲದ ಆದಾಯವೂ ದೊರೆಯಿತು. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಜೀವಿಸುತ್ತಿದ್ದ ಭೂರಹಿತರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಪಹಣಿಯಲ್ಲಿ ಅವರ ಹೆಸರೇ ಇರಲಿಲ್ಲ.

ದಾಖಲೆಯಲ್ಲಿ ಇಲ್ಲದವನಿಗೆ ಸಂಪತ್ತಿನಲ್ಲಿ ಹಕ್ಕಿದೆಯೇ? ಸಮುದಾಯ ನಿಧಿಗಳ ಇತಿಹಾಸವೆಂದರೆ ಈ ಪ್ರಶ್ನೆಗೆ ಮಾನವ ಸಮಾಜವು ಹುಡುಕಿದ ಉತ್ತರಗಳ ಇತಿಹಾಸ.

ನಮ್ಮ ನಾಡಿನ ಉಜ್ವಲ ಉದಾಹರಣೆ ಗದಗ ಬಳಿಯ ಕಣಗಿನಹಾಳ. 1904ರ ಸಹಕಾರ ಕಾಯ್ದೆ ಜಾರಿಯಾದ ಮರುವರ್ಷವೇ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಬಿಡಿಬಿಡಿಯಾಗಿ ಸಾಹುಕಾರನ ಮುಂದೆ ಕೈಯೊಡ್ಡುತ್ತಿದ್ದವರು ಒಟ್ಟುಗೂಡಿ ತಮ್ಮದೇ ಹಣದ ಒಡೆಯರಾದರು. ಇದು ದೊಡ್ಡ ಹೆಜ್ಜೆ. ಆದರೂ ಸಾಲವೆಂಬುದು ಮರುಪಾವತಿಯ ಶಕ್ತಿಯನ್ನು ಬಯಸುತ್ತದೆ. ಆ ಶಕ್ತಿಯೂ ಇಲ್ಲದವನಿಗೆ ಬೇರೊಂದು ಏರ್ಪಾಡು ಬೇಕು.

ಇಸ್ಲಾಮೀ ಇತಿಹಾಸದ ಬೈತುಲ್‌ಮಾಲ್ ಅಂತಹ ಏರ್ಪಾಡು. ದ್ವಿತೀಯ ಖಲೀಫಾ ಉಮರ್(ರ) ಅವರು ಭತ್ಯೆ ಪಡೆಯುವವರ ಹೆಸರುಗಳನ್ನು 'ದೀವಾನ್' ಎಂಬ ದಫ್ತರದಲ್ಲಿ ಬರೆಸಿ, ಅದಕ್ಕೆ ಶಿಸ್ತನ್ನು ತಂದರು. ಆದರೆ ಅವರ ದೃಷ್ಟಿ ದಫ್ತರಕ್ಕಷ್ಟೇ ಸೀಮಿತವಾಗಿರಲಿಲ್ಲ. ಇಮಾಮ್ ಅಬೂ ಯೂಸುಫ್ ಅವರು 'ಕಿತಾಬುಲ್ ಖರಾಜ್' ಗ್ರಂಥದಲ್ಲಿ ಒಂದು ಘಟನೆಯನ್ನು ದಾಖಲಿಸಿದ್ದಾರೆ. ದೃಷ್ಟಿ ಕಳೆದುಕೊಂಡ ಯಹೂದಿ ವೃದ್ಧನೊಬ್ಬ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದುದನ್ನು ಖಲೀಫರು ಕಂಡರು. ಯೌವನದಲ್ಲಿ ಅವನಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ತೀರ್ಮಾನಿಸಿ, ಅವನಿಗೂ ಅವನಂತಹ ಇತರರಿಗೂ ತೆರಿಗೆ ರದ್ದುಪಡಿಸಿ, ಭಂಡಾರದಿಂದ ನೆರವು ನೀಡಲು ಆಜ್ಞಾಪಿಸಿದರು.

ಇಲ್ಲಿ ಗಮನಿಸಬೇಕಾದುದು ಖಲೀಫರ ದಯೆಯನ್ನು ಮಾತ್ರವಲ್ಲ, ಅವರ ತರ್ಕವನ್ನು. ಅವನ ದುಡಿಮೆಯ ಫಲವನ್ನು ಸಮಾಜ ಉಂಡಿದೆ. ಆದ್ದರಿಂದ ಅವನಿಗೆ ಹಕ್ಕಿದೆ. ಬೇಡುವವನಿಗೂ ವಂಚಿತನಿಗೂ ಸಂಪತ್ತಿನಲ್ಲಿ ಹಕ್ಕಿದೆಯೆಂದು ಕುರ್‌ಆನ್ ಕಲಿಸುವುದೂ ಇದನ್ನೇ.

ತಿರುಮಣಿಯ ಹೊಲಗಳನ್ನು ತಲೆಮಾರುಗಳ ಕಾಲ ಹಸನುಗೊಳಿಸಿದ ಕೈಗಳಿಗೂ ಈ ತರ್ಕ ಅನ್ವಯಿಸುತ್ತದೆ. ನಮ್ಮ ಊರುಗಳ ಜಮಾಅತ್‌ಗಳು ನಿಧಿ ಸ್ಥಾಪಿಸುವಾಗ ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಯ ಜೊತೆಗೆ, ಯಾರು ಕೆಲಸ ಕಳೆದುಕೊಂಡರು ಎಂಬ ಪಟ್ಟಿಯನ್ನೂ ಸಿದ್ಧಪಡಿಸಲಿ. ಝಕಾತ್‌ನ ಹಕ್ಕುದಾರರನ್ನು ಕುರ್‌ಆನ್ ಎಂಟು ವರ್ಗಗಳಲ್ಲಿ ನಿಗದಿಪಡಿಸಿದೆ. ಐಚ್ಛಿಕ ಸದಕಾದ ಬಾಗಿಲಾದರೋ ಧರ್ಮಭೇದವಿಲ್ಲದೆ ಎಲ್ಲ ನೆರೆಯವರಿಗೂ ತೆರೆದಿದೆ. ದಫ್ತರದಲ್ಲಿ ಹೆಸರಿಲ್ಲದವನನ್ನು ಹುಡುಕಿಕೊಂಡು ಹೋಗುವ ನಿಧಿಯೇ ನಿಜವಾದ ಬೈತುಲ್‌ಮಾಲ್.