ಹಳಿಯ ಬದಿಯ ಹರಿವೆ

ಮುಂಬಯಿಯಲ್ಲಿ ನನಗೆ ಮೊದಲು ಊರು ನೆನಪಾದದ್ದು ಲೋಕಲ್ ಗಾಡಿಯ ಬಾಗಿಲಲ್ಲಿ. 1984ರ ಮಾತು. ಎಂಕಾಂ ಮುಗಿಸಿ ಬ್ಯಾಂಕು ಸೇರಿ ಆರು ತಿಂಗಳಾಗಿತ್ತಷ್ಟೇ. ಕುರ್ಲಾ ದಾಟಿದ ಮೇಲೆ ಹಳಿಯ ಬದಿಯಲ್ಲಿ ಒಂದು ಪಟ್ಟಿ ಕೆಂಪು ಹರಿವೆ! ಇಲ್ಲಿಯವರು ಅದಕ್ಕೆ ಲಾಲ್ ಮಾಠ್ ಅನ್ನುತ್ತಾರೆ. ನಮ್ಮ ಅಮ್ಮನ ಹಿತ್ತಿಲು ಇಲ್ಲಿಗೆ ಹೇಗೆ ಬಂತು ಅಂತ ಆಶ್ಚರ್ಯವಾಯಿತು.

ಅಸಲಿಗೆ ಈ ನಗರಕ್ಕೆ ಹಿತ್ತಿಲು ಹೊಸತಲ್ಲ. ಗಿರ್ಗಾಂವಿನ ಫಣಸವಾಡಿ, ಕೇಳೆವಾಡಿ, ಅಂಬೇವಾಡಿ ಹೆಸರುಗಳನ್ನೇ ನೋಡಿ. ಹಲಸು, ಬಾಳೆ, ಮಾವು. ತೋಟ ಹೋಯಿತು, ಚಾಳು ಬಂತು, ಹೆಸರು ಉಳಿಯಿತು. 1940ರ ದಶಕದಲ್ಲಿ, ಒಂದು ಕಡೆ ಯುದ್ಧ, ಇನ್ನೊಂದು ಕಡೆ ಬಂಗಾಳದ ಕ್ಷಾಮ ಇದ್ದಾಗ, ಸರಕಾರ ‘ಗ್ರೋ ಮೋರ್ ಫುಡ್’ ಚಳವಳಿ ಮಾಡಿತು. ಆ ಹೆಸರನ್ನು ರೈಲ್ವೆಯವರು ಬಹಳ ಕಾಲ ಉಳಿಸಿಕೊಂಡರು. ಹಳಿಯ ಬದಿಯ ಖಾಲಿ ಜಾಗವನ್ನು ಕೆಳದರ್ಜೆಯ ನೌಕರರಿಗೆ ಲೈಸನ್ಸಿನ ಮೇಲೆ ಬೇಸಾಯಕ್ಕೆ ಕೊಡುವ ಯೋಜನೆಗೆ ಅದೇ ಹೆಸರು. ಜನರಿಗೆ ಸೊಪ್ಪು ತರಕಾರಿ ಸಿಗಲಿ ಎನ್ನುವುದು ಒಂದು ಕಾರಣ; ಖಾಲಿ ಬಿಟ್ಟರೆ ಝೋಪಡಿ ಏಳುತ್ತದೆ ಎನ್ನುವುದು ಇನ್ನೊಂದು. ಹೀಗೆ ಪಾಲಕ್ ಸೊಪ್ಪಿಗೆ ಕಾವಲುಗಾರನ ಕೆಲಸವೂ ಬಂತು. ನೀರು ಮಾತ್ರ ಎಷ್ಟೋ ಕಡೆ ನಾಲೆಯದ್ದೇ. ಗಾಡಿಯಲ್ಲಿ ಮೂಗು ಮುಚ್ಚಿಕೊಂಡು ಹೋಗುತ್ತಿದ್ದ ನಾವೇ ಸಂಜೆ ದಾದರಿನಲ್ಲಿ ಅದೇ ಸೊಪ್ಪನ್ನು ಚೌಕಾಸಿ ಮಾಡಿ ಕೊಳ್ಳುತ್ತಿದ್ದೆವು.

ಡೊಂಬಿವಲಿಯ ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಕಲಬುರ್ಗಿ ಕಡೆಯ ಗ್ಯಾಂಗ್‌ಮನ್ ಒಬ್ಬರು ಬಾಡಿಗೆಗಿದ್ದರು. ಎಲ್ಲರಿಗೂ ಅವರು ಕಾಕಾ. ದಿವಾ ಹತ್ತಿರ ಅವರಿಗೊಂದು ಪಟ್ಟಿ ಸಿಕ್ಕಿತ್ತು. ಭೆಂಡೆ, ಮೂಲಂಗಿ, ಮೆಂತೆ, ಹರಿವೆ. ಅಂಚಿನಲ್ಲಿ ತಾನಾಗಿ ಬೆಳೆದ ಕೆಸುವಿನ ಎಲೆ ನಮ್ಮ ಮನೆಯ ಪತ್ರೊಡೆಗೆ. ಕಟ್ಟಡದ ಗೋಡೆಗೆ ತಾಗಿಸಿ ಹಳೇ ಪೆಟ್ಟಿಗೆಯಲ್ಲಿ ಕೋಳಿ ಸಾಕಿದ್ದರು. ಸೊಪ್ಪಿನ ಬಲಿತ ಎಲೆ ಕೋಳಿಗೆ, ಕೋಳಿಯ ಗೊಬ್ಬರ ಸೊಪ್ಪಿಗೆ. ಲೆಕ್ಕ ಸರಿಯಾಗಿತ್ತು.

2003ರಲ್ಲಿ ಒಂದು ಸಣ್ಣ ಪಂಪಿಗೆಂದು ಸಾಲ ಕೇಳಿಕೊಂಡು ಬಂದರು. ಬೆಳೆಗೆ ಸಾಲ ಕೊಡಬೇಕಾದರೆ ಸಾತ್‌ಬಾರಾ ಉತಾರಾ ಬೇಕು, ಅಂದರೆ ನಮ್ಮಲ್ಲಿಯ ಪಹಣಿ. ರೈಲ್ವೆ ಜಾಗಕ್ಕೆ ಅವರ ಹೆಸರಿನ ಸಾತ್‌ಬಾರಾ ಎಲ್ಲಿಂದ ಬರಬೇಕು? ನಾನು ನಿಯಮ ಓದಿ ಹೇಳಿದೆ. ಅವರು ನಕ್ಕರು. “ಭೂಮಿ ರೇಲ್ವೇದ್ದು, ಮಳಿ ದೇವರದ್ದು. ಸೊಪ್ಪು ಅಷ್ಟ ನಂದು ನೋಡ್ರಿ ಸಾಹೇಬ್ರ.”

ಮಳೆ ದೇವರದ್ದು ಎಂಬುದು 2005ರ ಜುಲೈ 26ರಂದು ಗೊತ್ತಾಯಿತು. ಫೋರ್ಟಿನ ನಮ್ಮ ಶಾಖೆಯಲ್ಲಿ ಕೂತವರಿಗೆ ಅದು ಮಾಮೂಲು ಮಳೆ. ಆ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್, ಸಾಂತಾಕ್ರೂಜಿನಲ್ಲಿ 944! ಒಂದೇ ನಗರ, ಒಂದೇ ದಿನ. ಗಾಡಿ ನಿಂತಾಗಲೇ ನಮಗೆ ಸುದ್ದಿ. ರಾತ್ರಿ ಬ್ಯಾಂಕಿನಲ್ಲೇ ಕಳೆದು, ಮೂರನೆಯ ದಿನ ಅರ್ಧ ಬಸ್ಸು, ಅರ್ಧ ನಡಿಗೆಯಲ್ಲಿ ಮನೆ ಮುಟ್ಟಿದೆ. ಉಲ್ಹಾಸ ನದಿ ತುಂಬಿ ನಮ್ಮ ಕಡೆಯೂ ನೀರು ನುಗ್ಗಿತ್ತು. ಕಾಕಾನ ಪೆಟ್ಟಿಗೆ ತಲೆಕೆಳಗಾಗಿ ಗೇಟಿನ ಹತ್ತಿರ ಬಿದ್ದಿತ್ತು. ಎಂಟರಲ್ಲಿ ಒಂದು ಹೇಂಟೆ ಮಾತ್ರ ಮೀಟರ್ ಬಾಕ್ಸಿನ ಮೇಲೆ ಕೂತು ಬದುಕಿತ್ತು. ಪಟ್ಟಿಯ ಮೇಲೆ ಮೊಣಕಾಲುದ್ದ ಕೆಸರು, ಪ್ಲಾಸ್ಟಿಕ್. ಪಂಚನಾಮೆಗೆ ಬಂದವರು ಮನೆಯೊಳಗಿನ ಸಾಮಾನು ಬರೆದುಕೊಂಡರು. ಬೆಳೆಯ ಕಲಮಿಗೆ ಮತ್ತೆ ಸಾತ್‌ಬಾರಾ ಕೇಳಿದರು.

ಕಾಕಾ ಬಿಡಲಿಲ್ಲ. ದೀಪಾವಳಿ ಹೊತ್ತಿಗೆ ಹರಿವೆ ಎದ್ದಿತು, ಹತ್ತು ಮರಿ ತಂದರು. 2006ರ ಫೆಬ್ರವರಿಯಲ್ಲಿ ನಂದುರ್‌ಬಾರ್ ಜಿಲ್ಲೆಯ ನವಾಪುರದಲ್ಲಿ ಹಕ್ಕಿಜ್ವರ ಕಂಡುಬಂತು. ದೇಶದಲ್ಲೇ ಮೊದಲು. ಅಲ್ಲಿ ಲಕ್ಷಗಟ್ಟಲೆ ಕೋಳಿ ಕೊಂದರು. ಇಲ್ಲಿ ನಮ್ಮ ಸೊಸಾಯಿಟಿಯ ಮೀಟಿಂಗು ಕರೆದರು. ನವಾಪುರ ಎಲ್ಲಿ, ಡೊಂಬಿವಲಿ ಎಲ್ಲಿ! ಆದರೆ ಟೀವಿ ನೋಡಿದ ಜನಕ್ಕೆ ಯಾರು ಹೇಳಬೇಕು? ನಾನಾದರೂ ಹೇಳಬಹುದಿತ್ತು. ಕಾರ್ಯದರ್ಶಿ ನಾನೇ. ಎರಡು ದಿನದೊಳಗೆ ಕೋಳಿ ತೆಗೆಯಬೇಕೆಂದು ನೋಟೀಸು ಬರೆದದ್ದೂ ನಾನೇ, ಒಳ್ಳೆಯ ಇಂಗ್ಲಿಷಿನಲ್ಲಿ. ಕಾಕಾ ಅದನ್ನು ನನ್ನಿಂದಲೇ ಕನ್ನಡದಲ್ಲಿ ಹೇಳಿಸಿಕೊಂಡರು. “ಹೌದೇನ್ರಿ” ಅಂದರು, ಅಷ್ಟೇ.

ಮರುದಿನ ಗೂಡು ಖಾಲಿ. ಮಾರಿದರೋ, ಕೊಯ್ದರೋ, ಕೇಳುವ ಧೈರ್ಯ ನನಗಾಗಲಿಲ್ಲ. ಆಮೇಲೂ ಹರಿವೆಯ ಕಟ್ಟು ನಮ್ಮ ಮನೆಗೆ ಬರುತ್ತಿತ್ತು. ಮೊದಲೆಲ್ಲ ದುಡ್ಡು ಮುಟ್ಟದವರು ಈಗ ಹೆಂಡತಿ ಕೊಟ್ಟ ಐದು ರೂಪಾಯಿಯನ್ನು ಎಣಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

2009ರಲ್ಲಿ ನಿವೃತ್ತರಾಗಿ ಊರಿಗೆ ಹೋದರು. 2022ರ ಫೆಬ್ರವರಿಯಲ್ಲಿ ಠಾಣೆ–ದಿವಾ ನಡುವೆ ಐದನೆಯ, ಆರನೆಯ ಹಳಿಗಳು ಶುರುವಾದವು. ಕಾಕಾನ ಪಟ್ಟಿ ಅವುಗಳ ಅಡಿಯಲ್ಲಿದೆಯೋ, ಬದಿಯಲ್ಲಿದೆಯೋ, ಗಾಡಿಯಿಂದ ಎಷ್ಟು ನೋಡಿದರೂ ನನಗೆ ಗುರುತು ಸಿಗುವುದಿಲ್ಲ.