ಕಾಡು, ಕಾಯಿದೆ ಮತ್ತು ಆರೋಗ್ಯ

ಚಾಮರಾಜನಗರದ ಮೂಡಲಿಗೆ ಬಿಳಿಗಿರಿರಂಗನ ಬೆಟ್ಟವೂ, ಗುಂಡ್ಲುಪೇಟೆಯ ತೆಂಕಲಿಗೆ ಬಂಡೀಪುರದ ಕಾಡೂ ಇರುವುವು. ಸೋಲಿಗರಿಗೂ ಜೇನುಕುರುಬರಿಗೂ ಈ ಕಾಡುಗಳೇ ತವರು. ಹೊಲದ ರಾಗಿ, ಕಾಡಿನ ಗೆಡ್ಡೆಗೆಣಸು, ಸೊಪ್ಪು, ಜೇನು ಅವರ ಆಹಾರವಾಗಿದ್ದುವು, ಔಷಧಿಯೂ ಅಲ್ಲಿಯದೇ.

೧೯೭೨ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಜಾರಿಗೆ ಬಂದಿತು. ೧೯೭೩ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಮರುವರ್ಷ ಬಿಳಿಗಿರಿಯು ಅಭಯಾರಣ್ಯವಾಯಿತು. ಉದ್ದೇಶವು ಶ್ಲಾಘ್ಯವೇ. ಆದರೆ ಅದರ ಭಾರವನ್ನು ಹೊತ್ತವರು ಬಡವರು. ಅನೇಕ ಕುಟುಂಬಗಳು ಒಳಕಾಡಿನ ಪೋಡುಗಳನ್ನು ತೊರೆದು ಕಾಡಂಚಿನ ಕಾಲೋನಿಗಳಿಗೆ ಬಂದುವು; ಹೊಲ ಹೋಗಿ ಕೂಲಿ ಉಳಿಯಿತು. ಹಿಂದೆ ಬೇಸಗೆಯ ಮೊದಲಲ್ಲಿ ಸೋಲಿಗರು ಇಡುತ್ತಿದ್ದ ತರಗುಬೆಂಕಿಗೂ ನಿಷೇಧವಾಯಿತು. ಅಮೆರಿಕಾ ಖಂಡದಿಂದ ಅಲಂಕಾರಕ್ಕೆಂದು ಭಾರತಕ್ಕೆ ಬಂದಿದ್ದ ಲಂಟಾನವು ಕಾಡನ್ನು ಮುಸುಕಲು ಇದೇ ಕಾರಣವೆಂಬುದು ಸೋಲಿಗರ ಅಭಿಪ್ರಾಯ. ಆ ಪೊದೆಯ ಕೆಳಗೆ ಹುಲ್ಲಿಗೂ ಸೊಪ್ಪಿಗೂ ಎಡೆಯಿಲ್ಲ.

೧೯೮೦ರ ಸುಮಾರಿನಲ್ಲಿ ವೈದ್ಯರಾದ ಎಚ್. ಸುದರ್ಶನ್ ಅವರು ಬೆಟ್ಟಕ್ಕೆ ಬಂದು ಚಿಕಿತ್ಸೆಯನ್ನು ಆರಂಭಿಸಿದರು. ಆದರೆ ಬರಿಯ ಮದ್ದು ಸಾಲದಾಯಿತು. ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಶಾಲೆ, ಜೀವನೋಪಾಯ, ಸಂಘಟನೆಗಳಿಗೂ ಕೈಹಾಕಬೇಕಾಯಿತು. ರೋಗದ ಬೇರು ಜನರ ಬಾಳಿನ ಪರಿಸ್ಥಿತಿಯಲ್ಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು ೨೦೦೮ರಲ್ಲಿ ಲೋಕಕ್ಕೆ ಸಾರಿತು. ಬೆಟ್ಟದಲ್ಲಿ ಅದು ಅದಕ್ಕೂ ಮೊದಲೇ ಅನುಭವದ ಮಾತಾಗಿದ್ದಿತು.

೨೦೦೬ರ ಅರಣ್ಯಹಕ್ಕು ಕಾಯಿದೆಯ ಮೇರೆಗೆ, ೨೦೧೧ರಲ್ಲಿ ಬಿಳಿಗಿರಿಯ ಸೋಲಿಗರ ಗ್ರಾಮಸಭೆಗಳಿಗೆ ಸಾಮೂಹಿಕ ಹಕ್ಕುಪತ್ರಗಳು ದೊರೆತುವು. ಕಾಡೂ ಜನವೂ ಒಂದಕ್ಕೊಂದು ಶತ್ರುಗಳಲ್ಲ; ಅವನ್ನು ಅಗಲಿಸಿದಾಗ ಎರಡೂ ಸೊರಗುವುವು. ಈ ನಾಡಿನ ಐವತ್ತು ವರ್ಷಗಳ ಚರಿತ್ರೆಯು ಕಲಿಸುವ ಪಾಠವಿದು.